ರಸ್ತೆಯೂ ಹಿಂದೆಯೇ ಬಂತು: ನ್ಯೂಯಾರ್ಕ್ ಬಿಟ್ಟು ಟೊರಾಂಟೊಗೆ ಹೋದ ಒಂದು ಕುಟುಂಬದ ಪ್ರಕರಣ

ಈ ದೇಶದ ರಾಜಕೀಯ ಸಾಕಾಯ್ತು, ಪಕ್ಕದ ದೇಶಕ್ಕೆ ಹೋಗಿಬಿಡೋಣ ಅನ್ನುವ ಮಾತು ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ಕೇಳಿಸುತ್ತದೆ. ಪಕ್ಕದ ದೇಶ ಅಂದರೆ ಅವರಿಗೆ ಕೆನಡಾ. ಹಾಗೆ ಹೇಳುವವರು ತುಂಬಾ ಜನ, ನಿಜವಾಗಿ ಸಾಮಾನು ಕಟ್ಟುವವರು ಕಡಿಮೆ. ಕಟ್ಟಿಕೊಂಡು ಹೋದವರು ಅಲ್ಲಿ ಮೂವತ್ತು ನಲವತ್ತು ವರ್ಷ ಹೇಗೆ ಬಾಳಿದರು ಅನ್ನುವುದು ನಮಗೆ ಗೊತ್ತಾಗುವುದು ಇನ್ನೂ ಅಪರೂಪ.

ಒಂದು ಕುಟುಂಬದ ಕಥೆ ಮಾತ್ರ ಪೂರ್ತಿ ಸಿಗುತ್ತದೆ. 1968ರ ಜೂನ್‌ನಲ್ಲಿ ನ್ಯೂಯಾರ್ಕ್ ಬಿಟ್ಟು ಟೊರಾಂಟೊಗೆ ಹೋದ ಜೇಕಬ್ಸ್ ಕುಟುಂಬದ್ದು. ತಾಯಿ ಜೇನ್, ತಂದೆ ರಾಬರ್ಟ್, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಜೇನ್ ಜೇಕಬ್ಸ್ ಅಂದರೆ ನಗರ ಯೋಜನೆ ಓದುವವರಿಗೆಲ್ಲ ಗೊತ್ತು. ಇಲ್ಲಿ ನನಗೆ ಅವರ ಸಿದ್ಧಾಂತ ಮುಖ್ಯವಲ್ಲ. ರಾಜಕೀಯ ಸರಿಯಿಲ್ಲ ಅಂತ ಊರು ಬಿಟ್ಟವರಿಗೆ ಹೊಸ ಊರಿನ ರಾಜಕೀಯ ತಮ್ಮದು ಅಂತ ಯಾವಾಗ ಅನ್ನಿಸಿತು, ಅದಕ್ಕೆ ಅವರು ಏನು ತೆತ್ತರು, ಅದನ್ನು ನೋಡೋಣ.

ಬಿಟ್ಟಿದ್ದು ಏನನ್ನು

ಜೇನ್ ಹುಟ್ಟಿದ್ದು 1916ರಲ್ಲಿ, ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ. 1935ರಲ್ಲಿ, ಕೆಲಸವೇ ಸಿಗದ ಕಾಲದಲ್ಲಿ, ನ್ಯೂಯಾರ್ಕ್‌ಗೆ ಬಂದರು. 1947ರಲ್ಲಿ ಗಂಡ ಹೆಂಡತಿ ಸೇರಿ ಗ್ರೆನಿಚ್ ವಿಲೇಜ್‌ನ ಹಡ್ಸನ್ ಬೀದಿಯಲ್ಲಿ ಒಂದು ಹಳೇ ಮನೆ ಕೊಂಡರು. ಕೆಳಗಿನ ಅಂತಸ್ತಿನಲ್ಲಿ ಮೊದಲು ಮಿಠಾಯಿ ಅಂಗಡಿ ಇತ್ತು. ಅದನ್ನು ಕೈಯಾರೆ ರಿಪೇರಿ ಮಾಡಿಕೊಂಡು 20 ವರ್ಷ ಅಲ್ಲೇ ಇದ್ದರು. 1961ರಲ್ಲಿ ಅಮೆರಿಕದ ದೊಡ್ಡ ನಗರಗಳ ಬಗ್ಗೆ ಜೇನ್ ಬರೆದ ಪುಸ್ತಕ ಅವರಿಗೆ ಹೆಸರು ತಂದಿತು. ಆ ಪುಸ್ತಕದ ಮುಖ್ಯ ದೃಶ್ಯವೇ ಆ ಬೀದಿ: ಬೆಳಿಗ್ಗೆ ಕಸದ ಡಬ್ಬ ಹೊರಗಿಡುವುದು, ಅಂಗಡಿಯವರು ಬಾಗಿಲು ತೆಗೆಯುವುದು, ಮಕ್ಕಳು ಸ್ಕೂಲಿಗೆ ಹೊರಡುವುದು. ಅಂದರೆ ಊರಿನ ಮೇಲೆ ಮಮತೆ ಇಲ್ಲದೆ ಹೋದವರಲ್ಲ ಇವರು. ಮಮತೆ ಜಾಸ್ತಿಯೇ ಇತ್ತು.

ಆ ಊರಿನಲ್ಲಿ ಜೇನ್‌ಗೆ ಒಂದು ದೊಡ್ಡ ಜಗಳವೂ ಇತ್ತು. ರಾಬರ್ಟ್ ಮೋಸೆಸ್ ಅನ್ನುವ ಅಧಿಕಾರಿ ಮ್ಯಾನ್‌ಹಟನ್‌ನ ಕೆಳಭಾಗವನ್ನು ಅಡ್ಡಕ್ಕೆ ಸೀಳಿ 10 ಲೇನ್‌ಗಳ ಎತ್ತರದ ಹೈವೇ ಕಟ್ಟಲು ಹೊರಟಿದ್ದರು. ಹಾಲೆಂಡ್ ಸುರಂಗದಿಂದ ವಿಲಿಯಮ್ಸ್‌ಬರ್ಗ್ ಮತ್ತು ಮ್ಯಾನ್‌ಹಟನ್ ಸೇತುವೆಗಳವರೆಗೆ. ದಾರಿಯಲ್ಲಿರುವ ಸುಮಾರು 2000 ಕುಟುಂಬಗಳು ಮನೆ ಖಾಲಿ ಮಾಡಬೇಕಿತ್ತು. ಒಂದು ಸಲ ಸತ್ತ ಯೋಜನೆ ಮತ್ತೆ ಎದ್ದು ಬರುತ್ತಿತ್ತು. ಮತ್ತೆ ಅರ್ಜಿ, ಮತ್ತೆ ಸಭೆ.

1968ರ ಏಪ್ರಿಲ್ 10ರಂದು ಒಂದು ಹೈಸ್ಕೂಲಿನಲ್ಲಿ ಅಹವಾಲು ಸಭೆ ನಡೆಯಿತು. ಮೈಕನ್ನು ಜನರ ಕಡೆಗೆ ತಿರುಗಿಸಿ ಇಟ್ಟಿದ್ದರು. ಮಾತಾಡುವವರು ಅಧಿಕಾರಿಗಳಿಗೆ ಬೆನ್ನು ಹಾಕಿ, ತಮ್ಮವರಿಗೇ ಹೇಳಬೇಕಾದ ಏರ್ಪಾಟು ಅದು. ಜೇನ್ ಅದನ್ನು ಗಮನಿಸಿದರು, ವೇದಿಕೆಯ ಮೇಲೆ ನಡೆದೇಬಿಟ್ಟರು, ಹಿಂದೆ ಜನರೂ ಹತ್ತಿದರು. ಗಲಾಟೆಯಲ್ಲಿ ಶೀಘ್ರಲಿಪಿ ಯಂತ್ರದ ಉದ್ದನೆಯ ಕಾಗದ ಚೆಲ್ಲಾಡಿ ಹೋಯಿತು. ದಾಖಲೆಯೇ ಇಲ್ಲ ಅಂದಮೇಲೆ ಸಭೆಯೇ ನಡೆದಿಲ್ಲ ಅಂತ ಜೇನ್ ಘೋಷಿಸಿದರು. ಪೊಲೀಸರು ಬಂಧಿಸಿದರು. ಮೊದಮೊದಲು ಸಣ್ಣ ಆರೋಪ, ಆಮೇಲೆ ಗಲಭೆ ಎಬ್ಬಿಸಿದ ಆರೋಪವೂ ಸೇರಿತು.

ಇದಾಗಿ ಎರಡೇ ತಿಂಗಳಿಗೆ ದೇಶ ಬಿಟ್ಟಿದ್ದರಿಂದ ಕೇಸಿಗೆ ಹೆದರಿ ಓಡಿಹೋದರು ಅಂತ ಯಾರಿಗಾದರೂ ಅನ್ನಿಸಬಹುದು. ಹಾಗಲ್ಲ. ಕೇಸಿಗೋಸ್ಕರ ಅವರು ಟೊರಾಂಟೊದಿಂದ ನ್ಯೂಯಾರ್ಕ್‌ಗೆ ಮತ್ತೆ ಓಡಾಡಿದರು. ಕೊನೆಗೆ ಶಾಂತಿಭಂಗದ ಸಣ್ಣ ತಪ್ಪನ್ನು ಒಪ್ಪಿಕೊಂಡಲ್ಲಿಗೆ ಅದು ಮುಗಿಯಿತು.

ನಿಜವಾದ ಕಾರಣ ವಿಯೆಟ್ನಾಂ ಯುದ್ಧ. 1967ರ ಅಕ್ಟೋಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್ ಎದುರು ನಡೆದ ಮೆರವಣಿಗೆಗೆ ಜೇನ್ ಹೋಗಿದ್ದರು. ಗ್ಯಾಸ್ ಮಾಸ್ಕ್ ಹಾಕಿಕೊಂಡು ಸಾಲುಗಟ್ಟಿ ಬರುವ ಸೈನಿಕರು ದೊಡ್ಡ ಹುಳದ ಹಾಗೆ ಕಂಡರು ಅಂತ ಆಮೇಲೆ ನೆನಪಿಸಿಕೊಂಡಿದ್ದಾರೆ. ತನ್ನ ದೇಶದ ಮೇಲಿನ ಪ್ರೀತಿ ಹೋಗಿದ್ದು ಅಲ್ಲೇ ಅಂದರು. ಅದೇ ಡಿಸೆಂಬರ್‌ನಲ್ಲಿ ಸೇನಾ ಭರ್ತಿ ಕಚೇರಿಯ ಮುಂದೆ ಪ್ರತಿಭಟಿಸಿ ಬಂಧನಕ್ಕೂ ಒಳಗಾದರು.

ಮನೆಯೊಳಗೆ ಲೆಕ್ಕ ಇನ್ನೂ ಸರಳವಾಗಿತ್ತು. ಗಂಡುಮಕ್ಕಳಿಬ್ಬರೂ ಕಡ್ಡಾಯ ಸೇನಾ ಭರ್ತಿಯ ವಯಸ್ಸಿಗೆ ಬಂದಿದ್ದರು. ಯುದ್ಧಕ್ಕೆ ಹೋಗಲ್ಲ, ಬೇಕಿದ್ದರೆ ಜೈಲಿಗೆ ಹೋಗ್ತೀವಿ ಅಂತ ಇಬ್ಬರೂ ಹೇಳಿಬಿಟ್ಟಿದ್ದರು. ಜೈಲಿಗೆ ಕಳಿಸೋಕೆ ಮಕ್ಕಳನ್ನ ಸಾಕಿದ್ದಲ್ಲ ಅನ್ನುವುದು ತಂದೆ ರಾಬರ್ಟ್ ಅವರ ಮಾತು. ಹಾಗಾದರೆ ಎಲ್ಲಿಗೆ? ಗಡಿಯ ಆಚೆಗೆ, ಭಾಷೆ ಬದಲಾಗದ ಜಾಗಕ್ಕೆ. ರಾಬರ್ಟ್ ಆಸ್ಪತ್ರೆಗಳ ವಿನ್ಯಾಸ ಮಾಡುವ ವಾಸ್ತುಶಿಲ್ಪಿ, ಟೊರಾಂಟೊದಲ್ಲಿ ಅಂಥ ಕೆಲಸ ಇತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಕೆನಡಾದ ಸಂಸ್ಕೃತಿ ಮೆಚ್ಚಿ, ಅಲ್ಲಿನ ಸಂವಿಧಾನ ಓದಿ ಇವರು ಹೊರಟಿದ್ದಲ್ಲ. ಯಾವ ದೇಶ ಬೇಡ ಅನ್ನುವುದು ಸ್ಪಷ್ಟವಾಗಿತ್ತು. ಯಾವ ದೇಶ ಬೇಕು ಅನ್ನುವುದು ಹೋದಮೇಲೆ ಗೊತ್ತಾದದ್ದು. ರಾಜಕೀಯಕ್ಕಾಗಿ ಊರು ಬಿಡುವವರಲ್ಲಿ ಹೆಚ್ಚಿನವರದ್ದು ಇದೇ ಕ್ರಮ ಅಂತ ನನ್ನ ಅನಿಸಿಕೆ.

ಬಾಗಿಲು ತೆರೆದಿತ್ತು

ಕಾಲ ಕೂಡಿ ಬಂದಿತ್ತು ಅನ್ನಬೇಕು. 1967ರ ಅಕ್ಟೋಬರ್‌ನಲ್ಲಿ ಕೆನಡಾ ವಲಸೆಗೆ ಅಂಕಗಳ ಪದ್ಧತಿ ತಂದಿತು. ಒಟ್ಟು 100 ಅಂಕ, 50 ಬಂದರೆ ಪಾಸು. ಓದಿಗೆ 20, ವಯಸ್ಸಿಗೆ 10, ಇಂಗ್ಲಿಷ್ ಫ್ರೆಂಚ್ ಬಂದರೆ 10, ಕೆಲಸ ಮೊದಲೇ ಗೊತ್ತಾಗಿದ್ದರೆ 10, ಹೀಗೆ. ಹುಟ್ಟಿದ ದೇಶ, ಜನಾಂಗ ನೋಡಿ ಅಳೆಯುವ ಹಳೇ ಪದ್ಧತಿಯ ಬದಲಿಗೆ ಬಂದದ್ದು ಇದು. ತಮಾಷೆ ಅಂದರೆ ಜೇನ್‌ಗೆ ಡಿಗ್ರಿಯೇ ಇರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇಷ್ಟ ಬಂದ ಪಾಠಗಳನ್ನು ಕೇಳಿ ಬಿಟ್ಟಿದ್ದರು. ಆ ಪಟ್ಟಿಯ ಮುಂದೆ ನಿಲ್ಲಿಸಿದರೆ ಲೇಖಕಿಗಿಂತ ವಾಸ್ತುಶಿಲ್ಪಿ ಗಂಡನಿಗೇ ಅಂಕ ಜಾಸ್ತಿ ಬೀಳುತ್ತಿತ್ತು.

ಆ ವರ್ಷಗಳಲ್ಲಿ ಹತ್ತಾರು ಸಾವಿರ ಅಮೆರಿಕನ್ ಹುಡುಗರು ಭರ್ತಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದರು. ಅವರಿಗೆ ದಾರಿ ತೋರಿಸಲು 1968ರಲ್ಲೇ ಟೊರಾಂಟೊದಲ್ಲಿ ಒಂದು ಕೈಪಿಡಿ ಅಚ್ಚಾಯಿತು. ಗಡಿಯಲ್ಲಿ ಏನು ಹೇಳಬೇಕು, ಯಾವ ಕಾಗದ ಇಟ್ಟುಕೊಳ್ಳಬೇಕು, ಎಲ್ಲಾ ಅದರಲ್ಲಿತ್ತು. ಬಾಲ್ಡ್ವಿನ್ ಬೀದಿಯಲ್ಲಿ ಅವರದೇ ಅಂಗಡಿಗಳು ಎದ್ದವು. ಸೈನ್ಯ ಬಿಟ್ಟು ಓಡಿಬಂದವರನ್ನು ಮಾತ್ರ ಗಡಿಯ ಅಧಿಕಾರಿಗಳು ಮೊದಲು ತಡೆಯುತ್ತಿದ್ದರು. 1969ರ ಮೇ ತಿಂಗಳಲ್ಲಿ, ಸೇನೆಯ ಸ್ಥಿತಿಗತಿ ನಮಗೆ ಬೇಡದ ವಿಷಯ ಅಂತ ವಲಸೆ ಸಚಿವ ಅಲನ್ ಮೆಕ್ಎಚನ್ ಪ್ರಕಟಿಸಿದ ಮೇಲೆ ಅದೂ ಸಡಿಲವಾಯಿತು.

ಇಷ್ಟು ಜನ ಬಂದರಲ್ಲ, ಅವರ ನಡುವೆ ಜೇಕಬ್ಸ್ ಕುಟುಂಬ ಬೇರೆಯಾಗಿ ಕಾಣುವುದು ಒಂದೇ ಮಾತಿನಲ್ಲಿ. ನಾವು ದೇಶಭ್ರಷ್ಟರು ಅಂದುಕೊಂಡರೆ ಬೇರು ಬಿಡುವುದಿಲ್ಲ, ಅದಕ್ಕೇ ನಾವು ವಲಸಿಗರು ಅಂದುಕೊಂಡೆವು ಅನ್ನುವ ಅರ್ಥದ ಮಾತನ್ನು ಜೇನ್ ವರ್ಷಗಳಾದ ಮೇಲೆ ಒಂದು ಸಂದರ್ಶನದಲ್ಲಿ ಹೇಳಿದರು. ಮನೆಮಂದಿಗೆಲ್ಲ ಅದೊಂದು ಸಾಹಸದ ಥರ ಇತ್ತಂತೆ. ಮೇಲೆ ನೋಡಲು ಇದು ಸುಮ್ನೆ ಪದಗಳ ಆಟ. ಆದರೆ ದಿನದ ಬದುಕಿನಲ್ಲಿ ಈ ಎರಡು ಪದಗಳ ನಡುವೆ ತುಂಬಾ ದೂರ. ದೇಶಭ್ರಷ್ಟ ಹಳೇ ಊರಿನ ಪತ್ರಿಕೆ ಮೊದಲು ಓದುತ್ತಾನೆ, ಸರ್ಕಾರ ಬದಲಾಗಲಿ ಅಂತ ಕಾಯುತ್ತಾನೆ, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುವುದಿಲ್ಲ. ವಲಸಿಗ ಬಂದ ವಾರವೇ ಈ ಬೀದಿಯಲ್ಲಿ ಏನಾಗುತ್ತಿದೆ ಅಂತ ಕೇಳುತ್ತಾನೆ.

ಜೇನ್ ಕೇಳಿದರು. ಸಿಕ್ಕ ಉತ್ತರ ನೋಡಿ.

ಸ್ಪಡೈನಾ

ಅವರು ಮೊದಲು ಬಾಡಿಗೆಗೆ ಹಿಡಿದ ಮನೆ ಸ್ಪಡೈನಾ ರಸ್ತೆಯಲ್ಲಿತ್ತು. (ಅದೇ ಪದವನ್ನು ಪಕ್ಕದ ಹಳೇ ಬಂಗಲೆಗೆ ಹೇಳುವಾಗ ಸ್ಪಡೀನಾ ಅನ್ನಬೇಕು, ರಸ್ತೆಗೆ ಹೇಳುವಾಗ ಸ್ಪಡೈನಾ. ಹೊಸಬರು ಎಡವುವುದು ಇಲ್ಲೇ.) ಮನೆ ಸೇರಿ ಸ್ವಲ್ಪ ದಿನಕ್ಕೇ ಗೊತ್ತಾಯಿತು, ಆ ಮಗ್ಗುಲಿಗೇ ಒಂದು ಹೈವೇ ಬರುತ್ತದೆ ಅಂತ. ಸ್ಪಡೈನಾ ಎಕ್ಸ್‌ಪ್ರೆಸ್‌ವೇ. ಉತ್ತರದ ಬಡಾವಣೆಗಳಿಂದ ಶುರುವಾಗಿ ಕಣಿವೆಗಳನ್ನೂ ಹಳೇ ಬೀದಿಗಳನ್ನೂ ಕೊಯ್ದುಕೊಂಡು ಊರಿನ ನಡುವಿಗೆ ಬರಬೇಕಿದ್ದ ರಸ್ತೆ. 1962ರಲ್ಲಿ ಒಪ್ಪಿಗೆ ಸಿಕ್ಕಿತ್ತು, ಮೊದಲ ತುಂಡು 1966ರಲ್ಲೇ ತೆರೆದಿತ್ತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದ ಹಾಗೆ.

ಯುದ್ಧ ಬೇಡ ಅಂತ ಬಂದವರಿಗೆ ಇದು ಬೇರೆಯೇ ವಿಷಯ, ಸುಮ್ಮನಿದ್ದುಬಿಡಬಹುದಿತ್ತು. ಜೇನ್‌ಗೆ ಆಗ 52 ವರ್ಷ. ಬರೆಯಬೇಕಾದ ಪುಸ್ತಕ ಮುಂದಿತ್ತು. ಹಡ್ಸನ್ ಬೀದಿಯಲ್ಲಿ ಸಭೆಗಳಿಗೆ ಹೋಗಿ ಹೋಗಿ ಬರೆಯುವ ಸಮಯವೆಲ್ಲ ಕಳೆದುಹೋಗಿತ್ತು. ಇನ್ನೊಂದು ತೊಡಕೂ ಇತ್ತು, ಹೊರದೇಶದ ಪ್ರಜೆಯಾದ ಅವರ ಕೈಯಲ್ಲಿ ವೋಟು ಇರಲಿಲ್ಲ.

ಆದರೂ ಇಳಿದರು. 1969ರಲ್ಲಿ ಸ್ಥಳೀಯರು, ವಿಶ್ವವಿದ್ಯಾಲಯದವರು, ವಿದ್ಯಾರ್ಥಿಗಳು ಸೇರಿ ಸ್ಪಡೈನಾ ನಿಲ್ಲಿಸಿ ಅಂತ ಒಂದು ಸಮಿತಿ ಕಟ್ಟಿದರು. ಚಳವಳಿ ಜೇನ್ ಹುಟ್ಟುಹಾಕಿದ್ದಲ್ಲ, ಇದನ್ನು ಒತ್ತಿ ಹೇಳಬೇಕು. ನ್ಯೂಯಾರ್ಕ್‌ನಿಂದ ಬಂದ ನಾಯಕಿ ಟೊರಾಂಟೊವನ್ನು ಉಳಿಸಿದಳು ಅನ್ನುವ ಕಥೆ ಕೇಳಲು ಚೆನ್ನ, ಆದರೆ ಟೊರಾಂಟೊದವರು ಅದಕ್ಕೂ ಮೊದಲೇ ಜಗಳ ಶುರುಮಾಡಿದ್ದರು. ಜೇನ್ ತಂದದ್ದು ಅನುಭವ. ಸಭೆಯಲ್ಲಿ ಯಾವಾಗ ಮಾತಾಡಬೇಕು, ಅಧಿಕಾರಿ ಕೊಡುವ ವಾಹನಗಳ ಲೆಕ್ಕವನ್ನು ಎಲ್ಲಿ ಹಿಡಿದು ಎಳೆಯಬೇಕು, ಇವೆಲ್ಲ ಅವರಿಗೆ ಕರಗತ. ಪತ್ರಿಕೆಗೆ ಬರೆದರು. ಟೊರಾಂಟೊದಲ್ಲೇ ಇದ್ದ ಚಿಂತಕ ಮಾರ್ಷಲ್ ಮೆಕ್ಲುಹನ್ ಜೊತೆ 1970ರಲ್ಲಿ ರಸ್ತೆಯ ವಿರುದ್ಧ ಒಂದು ಕಿರುಚಿತ್ರಕ್ಕೂ ಕೈಹಾಕಿದರು. ಇಬ್ಬರೂ ಕೂತು ಬಾಯಿಗೆ ಬಂದದ್ದು ಮಾತಾಡಿದ್ದನ್ನು ಟೈಪ್ ಮಾಡಿಸಿ ನೋಡಿದರೆ ತಲೆಬುಡ ಇರಲಿಲ್ಲವಂತೆ. ಚಿತ್ರ ಮಾತ್ರ ಚೆನ್ನಾಗೇ ಬಂತು ಅಂತ ಜೇನ್ ನಗುತ್ತಾ ಹೇಳುತ್ತಿದ್ದರು.

ಮುಂದೆ ಆದದ್ದನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ಎರಡು ದೇಶಗಳ ರಾಜಕೀಯ ಬೇರೆಯಾಗುವುದು ಇಲ್ಲಿ. ಹೈವೇ ಬೇಕು ಅಂದಿದ್ದು ಮೆಟ್ರೊ, ಅಂದರೆ ನಗರವನ್ನೂ ಸುತ್ತಲಿನ ಬಡಾವಣೆಗಳನ್ನೂ ಸೇರಿಸಿ 1954ರಲ್ಲಿ ಮಾಡಿದ ಮೇಲಿನ ಆಡಳಿತ. ಅಲ್ಲಿ ಬಡಾವಣೆಗಳ ಕೈ ಮೇಲಿತ್ತು. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ನಗರಸಭಾ ಮಂಡಳಿ 1971ರ ಫೆಬ್ರವರಿಯಲ್ಲಿ 2-1ರಲ್ಲಿ ರಸ್ತೆಯ ಪರ ತೀರ್ಪು ಕೊಟ್ಟಿತು. ನ್ಯಾಯವಾಗಿ ಅಲ್ಲಿಗೆ ಮುಗಿದ ಹಾಗೆ. ಉಳಿದಿದ್ದು ಒಂದೇ ದಾರಿ, ಒಂಟಾರಿಯೊ ಪ್ರಾಂತ್ಯದ ಸಂಪುಟಕ್ಕೆ ಮೇಲ್ಮನವಿ. ಕೆನಡಾದಲ್ಲಿ ನಗರಗಳಿಗೆ ಸ್ವಂತ ಅಧಿಕಾರ ಅಂತ ಇಲ್ಲ. ಅವು ಪ್ರಾಂತ್ಯದ ಕಾನೂನಿನ ಕೂಸುಗಳು. ಮುಖ್ಯಮಂತ್ರಿ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಆಗುತ್ತದೆ, ಮಾಡದಿದ್ದರೆ ಯಾರೂ ಏನೂ ಮಾಡುವಂತಿಲ್ಲ.

ಬಿಲ್ ಡೇವಿಸ್ ಆ ಮಾರ್ಚ್‌ನಲ್ಲಷ್ಟೇ ಪ್ರೀಮಿಯರ್, ಅಂದರೆ ಪ್ರಾಂತ್ಯದ ಮುಖ್ಯಮಂತ್ರಿ ಆಗಿದ್ದರು. ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದವರು, ಬಡಾವಣೆಯ ಮತದಾರರನ್ನು ನೆಚ್ಚಿದವರು. 1971ರ ಜೂನ್ 3ರಂದು ಶಾಸನಸಭೆಯಲ್ಲಿ ಎದ್ದು ನಿಂತು ರಸ್ತೆ ನಿಲ್ಲಿಸಿದರು. ಕಾರುಗಳಿಗಾಗಿ ಊರು ಕಟ್ಟುವುದಾದರೆ ಸ್ಪಡೈನಾದಿಂದ ಶುರು ಮಾಡಬಹುದು, ಜನರಿಗಾಗಿ ಕಟ್ಟುವುದಾದರೆ ನಿಲ್ಲಿಸಲು ಇದೇ ಸರಿಯಾದ ಜಾಗ ಅನ್ನುವುದು ಅವರ ಭಾಷಣದ ತಿರುಳು.

ಕಟ್ಟಿ ಮುಗಿದಿದ್ದ ಭಾಗ ಈಗ ಆಲೆನ್ ರಸ್ತೆ. ಎಗ್ಲಿಂಟನ್ ಅವೆನ್ಯೂ ತನಕ ಬಂದು, ಗಕ್ಕನೆ ಟ್ರಾಫಿಕ್ ಲೈಟಿಗೆ ನಿಲ್ಲುತ್ತದೆ. 1985ರಲ್ಲಿ ಡೇವಿಸ್ ಅಧಿಕಾರ ಬಿಡುವ ಮುಂಚೆ ಇನ್ನೊಂದು ಚೇಷ್ಟೆ ಮಾಡಿದರು. ಎಗ್ಲಿಂಟನ್ ದಕ್ಷಿಣಕ್ಕೆ ಮೂರು ಅಡಿ ಅಗಲದ ಒಂದು ಪಟ್ಟಿ ಜಾಗವನ್ನು 99 ವರ್ಷದ ಗುತ್ತಿಗೆಗೆ ಟೊರಾಂಟೊ ನಗರಕ್ಕೆ ಕೊಟ್ಟರು. ನಗರ ಒಪ್ಪದೆ ಮೆಟ್ರೊ ಆ ಮೂರು ಅಡಿ ದಾಟುವ ಹಾಗಿರಲಿಲ್ಲ. ಹಿತ್ತಲಲ್ಲಿ ಮೊಳೆ ಹೊಡೆದು ದಾರಿ ಮುಚ್ಚುವ ಮುದುಕರ ಉಪಾಯ, ಅಲ್ವಾ?

ಅತ್ತ ನ್ಯೂಯಾರ್ಕ್‌ನ ಹೈವೇ 1969ರಲ್ಲೇ ಸತ್ತಿತ್ತು. ಇನ್ನೊಂದು ವರ್ಷ ಇದ್ದಿದ್ದರೆ ಜೇನ್ ಆ ಗೆಲುವನ್ನು ಹಡ್ಸನ್ ಬೀದಿಯಲ್ಲೇ ನೋಡುತ್ತಿದ್ದರು.

ಕೊಟ್ಟ ಬೆಲೆ

ಶಾಂತಿಯ ದೇಶ ಅಂತ ಬಂದವರಿಗೆ 1970ರ ಅಕ್ಟೋಬರ್ ದೊಡ್ಡ ಪೆಟ್ಟು. ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಪ್ರತ್ಯೇಕತಾವಾದಿ ಗುಂಪೊಂದು ಬ್ರಿಟಿಷ್ ರಾಜತಾಂತ್ರಿಕ ಜೇಮ್ಸ್ ಕ್ರಾಸ್ ಅವರನ್ನೂ ಪ್ರಾಂತ್ಯದ ಸಚಿವ ಪಿಯರ್ ಲಾಪೋರ್ಟ್ ಅವರನ್ನೂ ಅಪಹರಿಸಿತು. 16ನೇ ತಾರೀಖು ಪ್ರಧಾನಿ ಪಿಯರ್ ಟ್ರೂಡೊ ಯುದ್ಧಕಾಲದ ಕಾಯ್ದೆ ಜಾರಿ ಮಾಡಿದರು. ಮರುದಿನ ಲಾಪೋರ್ಟ್ ಕೊಲೆಯಾದರು. ಬೀದಿಯಲ್ಲಿ ಸೈನಿಕರು, ವಾರಂಟ್ ಇಲ್ಲದೆ ನೂರಾರು ಜನರ ಬಂಧನ. ಸೈನಿಕರ ಸಾಲು ನೋಡಿ ಅಮೆರಿಕ ಬಿಟ್ಟವರಿಗೆ ಹೇಗನ್ನಿಸಿರಬೇಕು ಯೋಚಿಸಿ. ಪಕ್ಕದ ದೇಶದ ರಾಜಕೀಯ ಅಂತ ದೂರದಿಂದ ನಾವು ನೋಡುವುದು ಆಗಿನ ಸರ್ಕಾರದ ಮುಖ ಮಾತ್ರ. ಬಂದು ಇದ್ದಾಗಲೇ ಅದರ ಒಳಗಿನ ಹಳೇ ಜಗಳಗಳು ಕಾಣುವುದು.

1974ರಲ್ಲಿ ಜೇನ್ ಕೆನಡಾದ ಪ್ರಜೆಯಾದರು. ಆಗ ಐದು ವರ್ಷ ವಾಸ ಇರಬೇಕು ಅನ್ನುವ ನಿಯಮ ಇತ್ತು. ಅಮೆರಿಕದ ಪೌರತ್ವ ಹೋಯಿತು. ಎರಡೂ ಇಟ್ಟುಕೊಳ್ಳುವುದು ಆ ಕಾಲದಲ್ಲಿ ಇವತ್ತಿನಷ್ಟು ಸಲೀಸಾಗಿರಲಿಲ್ಲ. ಇನ್ನೊಂದು ವಿಚಿತ್ರ ನೋಡಿ, ಕೆನಡಾದ ಪ್ರಮಾಣವಚನ ಅಂದರೆ ಆಗ ರಾಣಿ ಎಲಿಜಬೆತ್‌ಗೆ ನಿಷ್ಠೆಯ ಮಾತು. ರಾಜನನ್ನು ಓಡಿಸಿ ಕಟ್ಟಿದ ದೇಶದಲ್ಲಿ ಬೆಳೆದವರು, ಅಧಿಕಾರಿಗಳ ಮುಂದೆ ತಲೆಬಾಗದವರು, ರಾಣಿಗೆ ನಿಷ್ಠರಾಗಿರುತ್ತೇನೆ ಅಂತ ಹೇಳಬೇಕಾಯಿತು. ಹೊಸ ದೇಶದ ಸಂಸ್ಕೃತಿಯಲ್ಲಿ ನಮಗೆ ಇಷ್ಟವಾದದ್ದನ್ನು ಮಾತ್ರ ಆರಿಸಿ ತಟ್ಟೆಗೆ ಹಾಕಿಕೊಳ್ಳಲು ಆಗುವುದಿಲ್ಲವಲ್ಲ.

1977ರ ಜನವರಿಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಭರ್ತಿ ತಪ್ಪಿಸಿಕೊಂಡವರಿಗೆ ಕ್ಷಮಾದಾನ ಕೊಟ್ಟರು. ಹೋದ ಕಾರಣವೇ ಅಳಿಸಿಹೋಯಿತು, ಬಾಗಿಲು ತೆರೆಯಿತು. ಕೆಲವರು ಹಿಂದಿರುಗಿದರು, ತುಂಬಾ ಜನ ಹೋಗಲಿಲ್ಲ. ಜೇಕಬ್ಸ್ ದಂಪತಿ ಆ ಹೊತ್ತಿಗೆ ಅನೆಕ್ಸ್ ಬಡಾವಣೆಯ ಆಲ್ಬನಿ ಅವೆನ್ಯೂನಲ್ಲಿ ಸ್ವಂತ ಮನೆ ಕೊಂಡಾಗಿತ್ತು. ಮುಂಭಾಗದಲ್ಲಿ ಕಟ್ಟೆ ಇರುವ ಇಟ್ಟಿಗೆ ಮನೆ. ಹಿಂದಿರುಗುವ ಮಾತು ಬರಲಿಲ್ಲ.

ಬದಲಿಗೆ ಜೇನ್ ಕೆನಡಾದ ಅತಿ ಸೂಕ್ಷ್ಮ ವಿಷಯಕ್ಕೇ ಕೈಹಾಕಿದರು. 1979ರಲ್ಲಿ ರೇಡಿಯೊದಲ್ಲಿ ಕೊಟ್ಟ ಮ್ಯಾಸಿ ಉಪನ್ಯಾಸಗಳಲ್ಲಿ ಕ್ವಿಬೆಕ್ ಬೇರೆಯಾಗುವುದರ ಬಗ್ಗೆ ಮಾತಾಡಿದರು. 1905ರಲ್ಲಿ ನಾರ್ವೆ ಸ್ವೀಡನ್‌ನಿಂದ ರಕ್ತ ಚೆಲ್ಲದೆ ಬೇರೆಯಾದದ್ದನ್ನು ಎತ್ತಿ ತೋರಿಸಿದರು. ಟೊರಾಂಟೊ ಬೆಳೆದ ಹಾಗೆ ಕ್ವಿಬೆಕ್‌ನ ದೊಡ್ಡ ನಗರ ಮಾಂಟ್ರಿಯಲ್ ಅದರ ನೆರಳಿಗೆ ಸರಿಯುತ್ತದೆ, ತಡೆಯಬೇಕಾದರೆ ಅದಕ್ಕೆ ತನ್ನದೇ ದೇಶ ಬೇಕಾಗಬಹುದು ಅನ್ನುವುದು ಅವರ ವಾದ. ಪ್ರಜೆಯಾಗಿ ಐದೇ ವರ್ಷ, ದೇಶ ಒಡೆದರೂ ತಪ್ಪಿಲ್ಲ ಅನ್ನುವ ಮಾತು! ಇಂಗ್ಲಿಷ್ ಕೆನಡಾದಲ್ಲಿ ಅದನ್ನು ಒಪ್ಪಿದವರು ಕಡಿಮೆ. 1980ರ ಜನಮತದಲ್ಲಿ ಕ್ವಿಬೆಕ್‌ನ ಸುಮಾರು 60% ಜನರೂ ಬೇಡ ಅಂದರು. ನನಗೆ ಈ ಸೋಲು ಮುಖ್ಯವಾಗಿ ಕಾಣುತ್ತದೆ. ಅತಿಥಿಯಾದವನು ಆತಿಥ್ಯ ಕೊಟ್ಟವರಿಗೆ ಬೇಸರವಾಗುವ ಮಾತನ್ನು ಆಡುವುದಿಲ್ಲ. ಜೇನ್ ಆಡಿದರು ಅಂದರೆ ಅವರು ಆಗಲೇ ಅತಿಥಿಯಾಗಿ ಉಳಿದಿರಲಿಲ್ಲ.

1996ರಲ್ಲಿ ಎರಡು ಸಂಗತಿ ನಡೆದವು. ರಾಬರ್ಟ್ ತೀರಿಕೊಂಡರು. ಸರ್ಕಾರ ಜೇನ್‌ಗೆ ಆರ್ಡರ್ ಆಫ್ ಕೆನಡಾ ಗೌರವ ಕೊಟ್ಟಿತು.

ಮುಂದಿನ ವರ್ಷ ಮತ್ತೆ ಒಂಟಾರಿಯೊ ಸರ್ಕಾರದ ಜೊತೆ ಜಗಳ. ಪ್ರೀಮಿಯರ್ ಮೈಕ್ ಹ್ಯಾರಿಸ್ ಮೆಟ್ರೊದೊಳಗಿನ ಆರು ಆಡಳಿತಗಳನ್ನು ಸೇರಿಸಿ ಒಂದೇ ಟೊರಾಂಟೊ ಮಾಡಲು ಹೊರಟರು. ಊರು ದೊಡ್ಡದಾದಷ್ಟೂ ಬೀದಿಯ ಮಾತು ಮೇಲಕ್ಕೆ ಮುಟ್ಟುವುದಿಲ್ಲ ಅಂತ ಜೇನ್ ವಿರೋಧಿಸಿದರು. ವಯಸ್ಸು 80. 1997ರ ಮಾರ್ಚ್‌ನಲ್ಲಿ ನಡೆದ ಸ್ಥಳೀಯ ಜನಮತದಲ್ಲಿ 76% ಜನ ಬೇಡ ಅಂದರು. ಹ್ಯಾರಿಸ್ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಬೇಕು ಅನ್ನುವ ಕಾನೂನೂ ಇರಲಿಲ್ಲ. ಡೇವಿಸ್ ಇದ್ದ ಅದೇ ಪಕ್ಷ, ಅದೇ ಶಾಸನಸಭೆ, ನಗರದ ಮೇಲೆ ಪ್ರಾಂತ್ಯಕ್ಕಿರುವ ಅದೇ ಅಧಿಕಾರ. 1971ರಲ್ಲಿ ಬೀದಿ ಉಳಿಸಿದ ಯಂತ್ರವೇ ಈ ಸಲ ಜನರ ಮಾತನ್ನು ಪಕ್ಕಕ್ಕಿಟ್ಟಿತು. 1998ರ ಜನವರಿ 1ಕ್ಕೆ ಆರೂ ಊರು ಒಂದಾದವು.

ಜೇನ್ ಈ ಸಲ ಸಾಮಾನು ಕಟ್ಟಲಿಲ್ಲ. ನಗರಗಳಿಗೆ ಪ್ರಾಂತ್ಯದ ಹಂಗು ತಪ್ಪಬೇಕು ಅಂತ ಹೊಸ ತಕರಾರು ತೆಗೆದರು. 2001ರಲ್ಲಿ ಕೆನಡಾದ ಐದು ದೊಡ್ಡ ನಗರಗಳ ಮೇಯರ್‌ಗಳು ಒಟ್ಟಿಗೆ ಕೂತು ಅದನ್ನೇ ಚರ್ಚಿಸುವಾಗ ಅವರ ಜೊತೆ ಕೂತಿದ್ದರು. 2006ರ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲೇ ತೀರಿಕೊಂಡರು. ಆಲ್ಬನಿ ಅವೆನ್ಯೂನ ಆ ಮನೆಯಿಂದ ಎಕ್ಸ್‌ಪ್ರೆಸ್‌ವೇ ಬರಬೇಕಿದ್ದ ಜಾಗಕ್ಕೆ ನಡೆದೇ ಹೋಗಬಹುದು.